ಕಪಾಟಿನ ನಡುವಿನ ಪಟ್ಟಿ

ಮಹಾನವಮಿ ಅಮಾವಾಸ್ಯೆಯ ಹಿಂದಿನ ರವಿವಾರ ನಾನು ಅಡಿಗೆಮನೆಯಲ್ಲಿ ಸ್ಟೂಲು ಹತ್ತಿ ನಿಂತಿದ್ದೆ. ಕೈಯಲ್ಲಿ ಹಳೇ ಧೋತರದ ತುಂಡು. ಕಾಲ ಬಳಿ ಬಿಸಿನೀರಿನ ಬಕೆಟ್. ಎದುರಿಗೆ ಕಪಾಟು. ಕೆಳಗಿನಿಂದ ನನ್ನ ಹೆಂಡತಿ ಶಾಂತವ್ವ ಎಚ್ಚರಿಕೆ ಕೊಟ್ಟಳು.

"ನೋಡ್ರಿ, ನಮ್ಮ ಬಾಗಲಾ ಅಷ್ಟ ತೊಳೀರಿ. ಅವರ ಬಾಗಲದ ಮ್ಯಾಲ ಒಂದ ಹನಿ ಬಿದ್ರೂ ನಾಳೆ ಮಾತ ಬರ್ತೈತಿ."

ಒಂದೇ ಕಪಾಟು. ಎರಡು ಬಾಗಿಲು. ಬಲಗಡೆಯದು ನಮ್ಮದು. ಎಡಗಡೆಯದು ನನ್ನ ತಮ್ಮ ಶಿವಲಿಂಗನದು. ಹೊಲಕ್ಕೆ ಬದು ಹಾಕುವುದು ನನಗೆ ಗೊತ್ತಿತ್ತು. ಜಿಡ್ಡಿಗೂ ಬದು ಹಾಕಬಹುದೆಂದು ಈ ವರ್ಷವೇ ತಿಳಿಯಿತು.

ಈ ಅಂಕಣ ಓದುವವರಿಗೆ ನಮ್ಮ ಮನೆಯ ಕಸಬು ಗೊತ್ತು. ಕರದಂಟು. (ಗೊತ್ತಿಲ್ಲದವರು ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮೂಗು ಕರೆದ ಕಡೆ ನಡೆದು ಬರಲಿ. ನಮ್ಮ ಮನೆ ಸಿಗುತ್ತದೆ.) ಕಾದ ತುಪ್ಪದಲ್ಲಿ ಗಿಡದ ಅಂಟು ಕರಿಯಬೇಕು. ಅದು ಜೋಳದ ಅರಳಿನಂತೆ ಉಬ್ಬಿ ಹಗುರಾಗಬೇಕು. ಆಮೇಲೆ ಕೊಬ್ಬರಿ, ಉತ್ತತ್ತಿ, ಬೆಲ್ಲದ ಪಾಕ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಕಡಾಯಿಯ ಮುಂದೆ ನಿಂತವನು ನಾನು. ಇನ್ನೂ ನಿಂತೇ ಇದ್ದೇನೆ. ಅದರಲ್ಲಿ ನನಗೆ ನಾಚಿಕೆಯಿಲ್ಲ. ನನ್ನ ಕೈಯ ಕರದಂಟು ಮಿರಜ, ಕೊಲ್ಲಾಪುರದ ತನಕ ಹೋಗುತ್ತದೆ. ನನ್ನ ಜೊತೆ ಬೆಂಚಿನ ಮೇಲೆ ಕೂತವರಲ್ಲಿ ಅಷ್ಟು ದೂರ ಹೋದವರು ಕಡಿಮೆ.

ತಿನ್ನುವವರ ಬಾಯಿಗೆ ಅದು ಸಿಹಿ. ಅಡಿಗೆಮನೆಗೆ ಏನು? ತುಪ್ಪದ ಹೊಗೆ ಮೇಲೇಳುತ್ತದೆ. ಬೆಲ್ಲದ ಹಬೆ ಅದರ ಬೆನ್ನಿಗೆ ಏಳುತ್ತದೆ. ಎರಡೂ ಹೋಗಿ ಕಪಾಟಿನ ಮೇಲೆ ಕೂರುತ್ತವೆ. ಒಲೆಯ ಮಸಿ ಬಂದು ಅವುಗಳ ಮೇಲೆ ಕೂರುತ್ತದೆ. ಬೀದಿಯ ಧೂಳು, ಕೊಬ್ಬರಿಯ ಪುಡಿ, ನೊಣದ ರೆಕ್ಕೆ, ದಾರಿ ತಪ್ಪಿದ ಇರುವೆ, ಬಂದದ್ದೆಲ್ಲ ಅಂಟುತ್ತದೆ. ಕಡೆಗೆ ಬಾಗಿಲಿನ ಮೇಲೆ ಅಂಗೈ ಇಟ್ಟರೆ ಅಂಗೈ ವಾಪಸ್ ಬರಲು ಒಲ್ಲೆ ಎನ್ನುತ್ತದೆ.

ಆ ಕಪಾಟಿಗೆ ಬಣ್ಣ ಹಚ್ಚಿದ್ದು ನಮ್ಮ ಅಪ್ಪ. ಸ್ವಾತಂತ್ರ್ಯ ಬಂದ ವರ್ಷ. ಊರವರು ಬಾವುಟ ಕಟ್ಟುತ್ತಿದ್ದಾಗ ಅಪ್ಪ ಬೆಳಗಾವಿಯಿಂದ ಆಯಿಲ್ ಪೇಂಟಿನ ಡಬ್ಬಿ ಹೊತ್ತು ತಂದ. ಆಕಾಶದ ಬಣ್ಣ. ಯಾವುದೋ ದೊರೆಯ ಬಂಗಲೆಗೆ ಕರದಂಟು ಕೊಡಲು ಹೋದಾಗ ಅಲ್ಲಿಯ ಅಡಿಗೆಮನೆಯಲ್ಲಿ ಅಂಥ ಕಪಾಟು ನೋಡಿದ್ದನಂತೆ. "ಸಾಹೇಬ ಹೋದಾ, ಬಣ್ಣ ನಮ್ಮ ಮನಿಗೆ ಬಂತು" ಎಂದು ಅವ್ವನಿಗೆ ಹೇಳಿ ನಕ್ಕಿದ್ದು ನನಗೆ ನೆನಪಿದೆ. ಬ್ರಶ್ ಹಿಡಿದು ಗೊತ್ತಿಲ್ಲದ ಕೈ. ಬಣ್ಣ ಅಲ್ಲಲ್ಲಿ ಕಣ್ಣೀರಿನ ಹಾಗೆ ಇಳಿದು ಹೆಪ್ಪುಗಟ್ಟಿದೆ. ಅಪ್ಪ ತೀರಿಹೋದ. ಅವನು ಹಚ್ಚಿದ ಬಣ್ಣ ಉಳಿಯಿತು, ಜಿಡ್ಡಿನ ಕೆಳಗೆ.

ಇನ್ನು ಆ ಬದುವಿನ ಕಥೆ ಹೇಳಬೇಕು.

ಕನ್ನಡ ನಾಡು ಒಂದಾಗಿ ವರ್ಷ ತುಂಬಿರಲಿಲ್ಲ, ಈ ಯುಗಾದಿಗೆ ನಮ್ಮ ಮನೆ ಎರಡಾಯಿತು. ಮುಂಬಯಿಯವರು, ಮೈಸೂರಿನವರು, ಹೈದರಾಬಾದಿನವರು ಎಂದು ಹರಿದು ಹಂಚಿಹೋದವರು ಕೂಡಿದರು. ಒಂದೇ ತಾಟಿನಲ್ಲಿ ಉಂಡು ಬೆಳೆದ ನಾವಿಬ್ಬರು ಬೇರೆಯಾದೆವು. ಕಾರಣ ಕೇಳಬೇಡಿ. ಎಲ್ಲರ ಮನೆಯಲ್ಲೂ ಯಾವುದಕ್ಕೆ ಆಗುತ್ತದೆಯೋ ನಮ್ಮಲ್ಲೂ ಅದಕ್ಕೇ ಆಯಿತು. (ಶುರುವಾದದ್ದು ಒಂದು ತುಪ್ಪದ ಸೌಟಿನಿಂದ ಎಂದರೆ ನೀವು ನಗುತ್ತೀರಿ.)

ಹುಕ್ಕೇರಿಯಿಂದ ಮಾಮಾ ಬಂದರು. ಅವ್ವನ ತಮ್ಮ. ಹಿರಿಯರ ಸಮಕ್ಷಮ ಮಾಮಾ ಎಲ್ಲ ಪಾಲು ಮಾಡಿದರು. ಕೋಣೆ ಇಬ್ಬರಿಗೂ ಸಮ. ಕಡಾಯಿ, ಕೊಪ್ಪರಿಗೆ, ಪರಾತ, ಜರಡಿ ಎಲ್ಲ ಸಮ. ಸೌಟುಗಳನ್ನೂ ತೂಗಿ ನೋಡಿದರು. ಅಡಿಗೆಮನೆಯ ನಡುವೆ ತಗಡಿನ ಪಾರ್ಟಿಷನ್ ನಿಲ್ಲಿಸಿದರು. ಆಚೆಗೊಂದು ಒಲೆ, ಈಚೆಗೊಂದು ಒಲೆ. ಕಪಾಟು ಮಾತ್ರ ತೊಂದರೆ ಕೊಟ್ಟಿತು. ಗೋಡೆಯೊಳಗೆ ಕೂಡಿಸಿದ ಕಪಾಟು, ಕಿತ್ತರೆ ಗೋಡೆ ಬೀಳುತ್ತದೆ. ಕಡೆಗೆ ಒಬ್ಬೊಬ್ಬರಿಗೆ ಒಂದೊಂದು ಬಾಗಿಲು ಎಂದರು. ಬಾಗಿಲು ತೆಗೆಯಲು ಜಾಗ ಬೇಕಲ್ಲ, ಅದಕ್ಕೆ ತಗಡನ್ನು ಕಪಾಟಿನಿಂದ ಒಂದು ಗೇಣು ದೂರಕ್ಕೇ ನಿಲ್ಲಿಸಿದರು.

ಎರಡು ಬಾಗಿಲುಗಳ ನಡುವೆ ಚೌಕಟ್ಟಿನ ಒಂದು ಕಟ್ಟಿಗೆ ಪಟ್ಟಿ ಇದೆ. ನಾಲ್ಕು ಬೆರಳು ಅಗಲ, ಮೇಲಿನಿಂದ ಕೆಳಗಿನ ತನಕ. ಅದರ ಮಾತು ಯಾರೂ ಎತ್ತಲಿಲ್ಲ.

ಎಲ್ಲ ಹಂಚಿದ ಮೇಲೆ ಪಡಸಾಲೆಯಲ್ಲಿ ಅವ್ವ ಉಳಿದಿದ್ದಳು.

ಮಾಮಾ ಹೇಳಿದರು: "ಅಕ್ಕಾ, ಒಂದ ಪಕ್ಷ ಹಿರ್ಯಾವನ ಕಡೆ ಉಣ್ಣು, ಒಂದ ಪಕ್ಷ ಕಿರ್ಯಾವನ ಕಡೆ ಉಣ್ಣು." ಅಂದರೆ ಚಂದ್ರ ಬೆಳೆಯುವ ಪಕ್ಷ ನನ್ನ ಒಲೆ, ಕರಗುವ ಪಕ್ಷ ತಮ್ಮನ ಒಲೆ. ಅವ್ವ "ಹಂಗ ಆಗ್ಲಿ" ಎಂದಳು. ಹಿರಿಯರು ತಲೆಯಾಡಿಸಿದರು. ಎಲ್ಲರೂ ಚಹಾ ಕುಡಿದರು. ಮಾಮಾ ಸಂಜೆಯ ಬಸ್ ಹಿಡಿದು ಹೋದರು.

ಅಂದಿನಿಂದ ನನ್ನ ತಮ್ಮ ನನ್ನ ಜೊತೆ "ರಿ" ಹಚ್ಚಿ ಮಾತಾಡತೊಡಗಿದ. ಮೊದಲು "ಅಣ್ಣಾ, ಬಾ" ಎನ್ನುತ್ತಿದ್ದವನು ಈಗ "ಬರ್ರಿ" ಎನ್ನುತ್ತಾನೆ. ಪಾಲಾದ ಮೇಲೆ ಮರ್ಯಾದೆ ಹೆಚ್ಚಿತು ನೋಡಿ.

ಹೆಂಗಸರದು ಇನ್ನೊಂದು ರೀತಿ. ಶಾಂತವ್ವ ಮೂಡಲಗಿಯವಳು. ತಮ್ಮನ ಹೆಂಡತಿ ಗಂಗವ್ವ ಹುಕ್ಕೇರಿ ಕಡೆಯವಳು. ಇಬ್ಬರೂ ಈಗ ನೇರ ಮಾತಾಡುವುದಿಲ್ಲ. ತಗಡಿಗೆ ಹೇಳುತ್ತಾರೆ. ತಗಡು ಆಚೆ ಮುಟ್ಟಿಸುತ್ತದೆ.

ಮತ್ತೆ ಸ್ಟೂಲಿಗೆ ಬರೋಣ.

ಕಪಾಟು ತೊಳೆಯುವುದು ಗಂಡಸಿನ ಕೆಲಸವೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಹೌದು. ಹೆಂಗಸರ ಕೈಗೆ ಕೊಟ್ಟರೆ ತಾಮ್ರದ ಹಂಡೆ ತಿಕ್ಕಿದ ಹಾಗೆ ಬೂದಿ, ಇಟ್ಟಂಗಿ ಪುಡಿ ಹಾಕಿ ತಿಕ್ಕುತ್ತಾರೆ. ಜಿಡ್ಡು ಹೋಗುತ್ತದೆ, ಅದರ ಹಿಂದೆ ಅಪ್ಪನ ಬಣ್ಣವೂ ಹೋಗುತ್ತದೆ. ಬಣ್ಣದ ಕಟ್ಟಿಗೆಗೆ ಸಿಟ್ಟು ನಡೆಯುವುದಿಲ್ಲ. ಬಿಸಿನೀರಿಗೆ ಚೂರೇ ಚೂರು ಸೋಡಾ, ಮೇಲೆ ಅಂಟವಾಳದ ನೊರೆ. ಬಟ್ಟೆ ಅದ್ದಿ, ಹಿಂಡಿ, ಬಾಗಿಲಿನ ಮೇಲೆ ಸುಮ್ಮನೆ ಒತ್ತಿ ಹಿಡಿಯಬೇಕು. ಜ್ವರ ಬಂದವರ ಹಣೆಯ ಮೇಲೆ ಪಟ್ಟಿ ಹಾಕಿದ ಹಾಗೆ. ಜಿಡ್ಡು ತಾನಾಗಿ ಮೆತ್ತಗಾಗುತ್ತದೆ. ಆಮೇಲೆ ಒರೆಸಬೇಕು. ಸೋಡಾ ಹೆಚ್ಚಾದರೆ ಬಣ್ಣ ಸಿಪ್ಪೆ ಎದ್ದ ಹಾಗೆ ಏಳುತ್ತದೆ. ಅವಸರ ಮಾಡಿದರೆ ಜಿಡ್ಡು ಹೋಗದೆ ಇಲ್ಲಿಂದ ಅಲ್ಲಿಗೆ ಹರಡುತ್ತದೆ.

ನಮ್ಮ ಬಾಗಿಲು ಅರ್ಧ ದಿನ ತೆಗೆದುಕೊಂಡಿತು. ಬಕೆಟಿನ ನೀರು ಕಾಕಂಬಿಯ ಹಾಗಾಯಿತು. ಕಪ್ಪು ಹೋಗಿ ಕಂದು ಬಂತು, ಕಂದು ಹೋಗಿ ಹಳದಿ ಬಂತು, ಹಳದಿಯ ಕೆಳಗೆ ಕಡೆಗೂ ಆಕಾಶ ಕಂಡಿತು. ಅಪ್ಪನ ಬ್ರಶ್ಶಿನ ಗೆರೆಗಳು ಕಂಡವು. ನನಗೆ ಒಳ್ಳೆಯ ಖುಷಿಯಾಗಿತ್ತು.

ಸ್ಟೂಲಿನಿಂದ ಇಳಿದು, ಕೂತು, ಕೆಳಗಿನ ಅಂಚಿಗೆ ಬಂದೆ. ನಡುವಿನ ಪಟ್ಟಿಯ ಮೇಲೆ ಬಟ್ಟೆ ಇಟ್ಟೆ. ಬಟ್ಟೆ ಜಾರಿತು.

ಅಂಟಬೇಕಿತ್ತು. ಜಾರಿತು.

ಲೈಟು ಹತ್ತಿರ ಹಿಡಿದು ನೋಡಿದೆ. ಆ ಪಟ್ಟಿಯ ಮೇಲೆ ಜಿಡ್ಡೇ ಇಲ್ಲ. ಕೆಳಗಿನಿಂದ, ಕುಳಿತವರ ಕೈ ಮುಟ್ಟುವಷ್ಟು ಎತ್ತರದ ತನಕ, ಮೊನ್ನೆ ಬಣ್ಣ ಹಚ್ಚಿದ ಹಾಗೆ ಸ್ವಚ್ಛ. ಅಲ್ಲಿಂದ ಮೇಲಕ್ಕೆ ಕಪ್ಪು. ಆರು ತಿಂಗಳಿಂದ ಎರಡು ಒಲೆಗಳ ಹೊಗೆ ತಿಂದ ಕಪಾಟಿನಲ್ಲಿ, ಯಾರದೂ ಅಲ್ಲದ ಪಟ್ಟಿ ಮಾತ್ರ ಹೊಳೆಯುತ್ತಿದೆ. ಇದು ಹೇಗೆ?

"ಇದನ್ನ ನೀ ತೊಳದೇನ?" ಎಂದು ಶಾಂತವ್ವನನ್ನು ಕೇಳಿದೆ. ಅವಳು ಬಂದು ನೋಡಿದಳು. ಮುಖ ಬಿಗಿಯಾಯಿತು.

"ನಾ ಯಾಕ ತೊಳೀಲ್ರಿ. ತಿಳೀಲಿಲ್ಲೇನ ನಿಮಗ? ಆ ಪಟ್ಟಿ ತಮ್ಮದು ಅನ್ನಾಕ ದಿನಾ ಒರಸಾಕತ್ತಾರ. ನಾಳೆ ಮಾಮಾನ ಮುಂದ, ಇಷ್ಟ ದಿನಾ ನಾವ ನೋಡಕೊಂಡೇವಿ ಅಂತಾರ, ನೋಡ್ರಿ ಬೇಕಾದ್ರ."

ಅದು ನನಗೆ ಹೊಳೆದಿರಲಿಲ್ಲ. ಹೇಳಿದ ಮೇಲೆ ಹೌದಲ್ಲ ಎನ್ನಿಸಿತು. ಬದುವಿನ ಮೇಲೆ ಎರಡು ವರ್ಷ ತೊಗರಿ ಹಾಕಿ ಬದುವನ್ನೇ ತಮ್ಮದು ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

ತಗಡು ತನ್ನ ಕೆಲಸ ಮಾಡಿತು. ಆಚೆಯಿಂದ ಗಂಗವ್ವನ ದನಿ ಬಂತು, ಅದೂ ತಗಡಿಗೇ: ತಾನು ಆ ಪಟ್ಟಿಗೆ ಕೈ ಹಚ್ಚಿಲ್ಲವಂತೆ. ಅದು ಸ್ವಚ್ಛ ಇದ್ದುದನ್ನು ನೋಡಿ, ದೊಡ್ಡವರ ಮನೆಯವರೇ ಅದನ್ನು ಹೊಡೆದುಕೊಳ್ಳಲು ನಿಂತಿದ್ದಾರೆ ಎಂದು ತಾನೂ ತಿಳಿದಿದ್ದಳಂತೆ. ಯಾರ ಹೊಟ್ಟೆಯಲ್ಲಿ ಏನಿದೆಯೋ ಶಿವನಿಗೇ ಗೊತ್ತಂತೆ.

ಶಿವಲಿಂಗ ಬಂದ. ನಾನು ಎದ್ದು ನಿಂತೆ. ಮಾತಿಗೆ ಮಾತು ಬೆಳೆಯಿತು. ಅವನು "ನೀವ ಹಿರ್ಯಾರು, ನೀವ ಹಿಂಗ ಮಾಡಿದ್ರ ಹೆಂಗ್ರಿ" ಎಂದ. ನಾನೂ ಬಿಡಲಿಲ್ಲ. ಒಂದು ಹಂತದಲ್ಲಿ ಅವನು ಬಡಿಗನ ಅಳತೆಪಟ್ಟಿ ತರಿಸುವ ಮಾತಾಡಿದ. ನಾಲ್ಕು ಬೆರಳಿನ ಪಟ್ಟಿಯ ನಟ್ಟನಡುವೆ ಮೊಳೆಯಿಂದ ಗೆರೆ ಹೊಡೆದು ಎರಡೆರಡು ಬೆರಳು ಹಂಚಿಕೊಳ್ಳೋಣ ಎಂದು ಹೇಳಿದವನು ನಾನೇ. ಇಬ್ಬರೂ ನಲವತ್ತು ದಾಟಿದವರು. ಊರಲ್ಲಿ ನಾಲ್ಕು ಜನ ಮಾತು ಕೇಳುವಂಥವರು.

ಪಡಸಾಲೆಯಲ್ಲಿ ಅವ್ವ ದೀಪದ ಬತ್ತಿ ಹೊಸೆಯುತ್ತಿದ್ದಳು. ಎದ್ದು ಬಂದು ಹೊಸ್ತಿಲ ಮೇಲೆ ನಿಂತಳು.

"ಯಾಕ ಬಡದಾಡ್ತೀರಿ? ಅದನ್ನ ಒರಸಾಕಿ ನಾನು."

ಇಬ್ಬರೂ ಅವಳ ಕಡೆ ತಿರುಗಿದೆವು. ಯಾವಾಗ ಒರೆಸುತ್ತೀ ಎಂದು ನಾನು ಕೇಳಿದೆ.

"ಹುಣ್ಣಿವಿಗೊಮ್ಮೆ, ಅಮಾಸಿಗೊಮ್ಮೆ."

ತಮ್ಮನಿಗೆ ನಗು ಬಂತು. ಜಗಳ ತಪ್ಪಿದ ಸಮಾಧಾನದ ನಗು. "ಪಟ್ಟಿಗೂ ಪೂಜಿ ಮಾಡ್ತೀ ಏನ ಬೇ?"

"ಪೂಜಿ ಅಲ್ಲೋ. ಆ ದಿನಾ ನನಗ ಒಲಿ ಇರಂಗಿಲ್ಲಲ್ಲ. ಸುಮ್ನ ಕುಂತ್ರ ಹೊಟ್ಟಿ ನೆನಪಾಕ್ಕೈತಿ. ಕೈಗೆ ಏನರ ಕೆಲಸ ಬೇಕು. ಇವರ ಬಾಗಲಾ ಮುಟ್ಟಿದ್ರ ಅವರಿಗೆ ಸಿಟ್ಟು, ಅವರದ ಮುಟ್ಟಿದ್ರ ಇವರಿಗೆ ಸಿಟ್ಟು. ಇದೊಂದ ಯಾರೂ ಬ್ಯಾಡ ಅನ್ನಂಗಿಲ್ಲ."

ಹಾಲಿನವ ಬಂದ ಎಂದು ಹೇಳುವ ಹಾಗೆ ಹೇಳಿದಳು. ದೂರು ಹೇಳುವ ದನಿಯಲ್ಲ. ಹೇಳಿ ಮತ್ತೆ ಬತ್ತಿ ಹೊಸೆಯಲು ಹೋದಳು.

ಒಲೆ ಇರುವುದಿಲ್ಲ ಎಂದರೇನು? ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ತಿಳಿಯಲು ಹೊತ್ತು ಹಿಡಿಯಿತು.

ಮಾಮಾ ಪಕ್ಷಗಳನ್ನು ಹಂಚಿದ್ದರು. ಪಕ್ಷ ಮುಗಿಯುವ ದಿನವನ್ನು ಹಂಚಿರಲಿಲ್ಲ. ಹುಣ್ಣಿವೆಯ ದಿನ ಅವ್ವ ತನ್ನ ಕೌದಿ, ತಾಟು, ಚರಿಗೆ ತೆಗೆದುಕೊಂಡು ತಮ್ಮನ ಕಡೆ ಹೋಗಬೇಕು. ಬೆಳಗಾದರೆ ನಮ್ಮವರು "ಇವತ್ತು ಹೋಗುತ್ತಾಳಲ್ಲ, ಅಲ್ಲೇ ಊಟ" ಎಂದುಕೊಂಡರು. ಆಚೆಯವರು "ನಾಳೆಯಿಂದ ನಮ್ಮ ಪಾಳಿ, ಇವತ್ತು ಅಲ್ಲೇ ಊಟ" ಎಂದುಕೊಂಡರು. ಅಮಾವಾಸ್ಯೆಗೆ ಇದೇ ಮಾತು ತಿರುಗಾಮುರುಗಾ. ಕಳಿಸುವವರು ಹೋದಳು ಎಂದರು. ಕರೆದುಕೊಳ್ಳುವವರು ಇನ್ನೂ ಬಂದಿಲ್ಲ ಎಂದರು. ನಡುವೆ ತಗಡು ನಿಂತಿತ್ತು, ಯಾರ ತಾಟು ಯಾರಿಗೂ ಕಾಣುತ್ತಿರಲಿಲ್ಲ.

ಇದು ಒಂದು ಸಲ ಆದ ಮಾತಲ್ಲ. ಯುಗಾದಿಯಿಂದ ಮಹಾನವಮಿಯ ತನಕ ಪ್ರತಿ ಸಲ. ಮತ್ತೆ, ನಮ್ಮ ಕಡೆಯ ಹಬ್ಬಗಳಲ್ಲಿ ಅರ್ಧ ಈ ಎರಡು ದಿನಗಳ ಮೇಲೇ ಬರುತ್ತವಲ್ಲ. ಕಾರ ಹುಣ್ಣಿವೆ. ಮಣ್ಣೆತ್ತಿನ ಅಮಾವಾಸ್ಯೆ. ನೂಲ ಹುಣ್ಣಿವೆ. ತಗಡಿನ ಆಚೆ ಹೋಳಿಗೆ, ತಗಡಿನ ಈಚೆ ಕಡಬು. ಆ ದಿನಗಳಲ್ಲಿ ನಾವು ಕರದಂಟಿನ ಕಡಾಯಿ ಏರಿಸುವುದಿಲ್ಲ. ಮಧ್ಯಾಹ್ನ ಗಂಡಸರು ಪೇಟೆಗೆ ಹೋಗುತ್ತಾರೆ, ಹೆಂಗಸರು ಅಡ್ಡಾಗುತ್ತಾರೆ. ಖಾಲಿ ಅಡಿಗೆಮನೆಗೆ ಅವ್ವ ಅಂಟವಾಳದ ನೀರು ಹಿಡಿದು ಬರುತ್ತಿದ್ದಳು. ತಗಡಿಗೂ ಕಪಾಟಿಗೂ ನಡುವಿನ ಆ ಗೇಣು ಸಂದಿಯ ಎದುರು ಕೂರುತ್ತಿದ್ದಳು.

ನಮಗೆ ಇದು ತಿಳಿದಾಗ ಅಣ್ಣತಮ್ಮಂದಿರ ಬಾಯಿಂದ ಬಂದ ಮೊದಲ ಮಾತು ಏನಿರಬಹುದು? ಹೇಳುತ್ತೇನೆ.

"ಹುಣ್ಣಿವಿ ದಿನಾ ಆಕಿ ನಿಮ್ಮ ಕಡೆ ಅಲ್ಲೇನ?" ನಾನು.

"ಇಲ್ರಿ. ಹುಣ್ಣಿವಿ ನಿಮ್ಮದ." ಅವನು.

ಇಷ್ಟು ಆದ ಮೇಲೂ ಪಾಳಿಯ ಮಾತೇ ಮೊದಲು ಬಂತು.

ಶಾಂತವ್ವ ನೆಲದ ಮೇಲೆ ಕೂತುಬಿಟ್ಟಳು. ಕಾರ ಹುಣ್ಣಿವೆಯ ಸಂಜೆ "ಅತ್ತಿ, ಊಟಾ ಆತ್ರಿ?" ಎಂದು ಆಕೆ ಕೇಳಿದ್ದು ನಿಜ, ಅವ್ವ "ಆತವಾ" ಎಂದದ್ದೂ ನಿಜ. ಅದನ್ನೇ ಮತ್ತೆ ಮತ್ತೆ ಹೇಳಿದಳು. ನಾ ಕೇಳಿದ್ನಿ, ಆಕಿ ಆತ ಅಂದ್ರು. ತಗಡಿನ ಆಚೆ ಗಂಗವ್ವನೂ ಅದೇ ಹೇಳಿದಳು. ಆಕೆಯೂ ಕೇಳಿದ್ದಳಂತೆ, ಆಕೆಗೂ ಅವ್ವ "ಆತವಾ" ಎಂದಿದ್ದಳಂತೆ. ಕೇಳಿದವರು ತಾಟು ಹಿಡಿದು ಕೇಳಿರಲಿಲ್ಲ. ಎಲ್ಲ ತೊಳೆದಿಟ್ಟ ಮೇಲೆ ಕೇಳಿದ್ದರು. ಅಂಥ ಹೊತ್ತಿನಲ್ಲಿ ಕೇಳಿದರೆ ಅವ್ವ ಮತ್ತೇನು ಹೇಳಿಯಾಳು?

ರಾತ್ರಿ ಏನು ತಿನ್ನುತ್ತಿದ್ದೆ ಎಂದು ಅವ್ವನನ್ನು ಕೇಳಿದ್ದಕ್ಕೆ ಒಂದು ತುಣುಕು ಬೆಲ್ಲ, ನೀರು ಎಂದಳು. ಬಾಣಂತಿಯರಿಗೆ, ಸೊರಗಿದವರಿಗೆ ಶಕ್ತಿ ಬರಲಿ ಎಂದು ನಾಲ್ಕೂರಿನ ಜನ ನಮ್ಮ ಮನೆಯ ಬಾಗಿಲಿಗೆ ಬಂದು ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಆ ಮನೆಯಲ್ಲಿ.

ಅಂದು ಸಂಜೆಯೇ ತೀರ್ಮಾನ ಮಾಡಿದೆವು. ಮಾಮಾ ಬೇಕಾಗಲಿಲ್ಲ, ಹಿರಿಯರು ಬೇಕಾಗಲಿಲ್ಲ. ಹುಣ್ಣಿವೆ ನನ್ನದು, ಅಮಾವಾಸ್ಯೆ ತಮ್ಮನದು. ತಮ್ಮ "ಅಣ್ಣಾ, ನೀ ಹೇಳಿದಂಗ" ಎಂದ. ಯುಗಾದಿಯ ನಂತರ "ರಿ" ಬಿಟ್ಟು ಮಾತಾಡಿದ್ದು ಆವತ್ತೇ. ನನಗೆ ಸಮಾಧಾನವಾಯಿತು. ತಪ್ಪು ಸಿಕ್ಕಿತು, ಸರಿಮಾಡಿದೆವು, ಮುಗಿಯಿತು ಎಂದುಕೊಂಡೆ. ಕಡಾಯಿಯಲ್ಲಿ ಪಾಕ ಗಟ್ಟಿಯಾದರೆ ನೀರು ಚಿಮುಕಿಸಿ ಸರಿಮಾಡುವುದು ಗೊತ್ತಿದ್ದವನು ಹಾಗೇ ಅಂದುಕೊಳ್ಳುತ್ತಾನೆ.

ಮಹಾನವಮಿ ಅಮಾವಾಸ್ಯೆ ಬಂತು. ಪಾಳಿ ತಮ್ಮನದಾದರೂ ನಮ್ಮ ಮನೆಯಲ್ಲೂ ಅವ್ವನ ಹೆಸರಿನಲ್ಲಿ ಅಡಿಗೆಯಾಯಿತು. ಅವ್ವ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈ ಮೇಲೆ ಲಿಂಗ ಇಟ್ಟು ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಳು. ಎರಡು ಕಡೆಯಿಂದ ಎರಡು ತಾಟು ಬಂದವು. ಗಂಗವ್ವ ಒಂದು ಇಟ್ಟಳು, ಶಾಂತವ್ವ ಒಂದು ಇಟ್ಟಳು. ಎರಡರಲ್ಲೂ ಹೋಳಿಗೆ, ಎರಡರ ಮೇಲೂ ತುಪ್ಪ.

ಅವ್ವ ಎರಡನ್ನೂ ನೋಡಿದಳು.

"ಇವತ್ತ ನನ್ನ ಉಪಾಸ," ಎಂದಳು.

ಅವ್ವನಿಗೆ ಸಿಟ್ಟು ಬಂದಿದೆ ಎಂದುಕೊಂಡೆವು. ತಮ್ಮ ಕಾಲು ಹಿಡಿಯಲು ಹೋದ. ಸಿಟ್ಟು ಯಾರ ಮೇಲೆ ಎಂದು ಅವ್ವ ಅವನನ್ನೇ ಕೇಳಿದಳು. ಹೋಳಿಗೆ ಮುರಿದು ಮೊಮ್ಮಕ್ಕಳಿಗೆ ಹಂಚಿದಳು. ಮಧ್ಯಾಹ್ನ ಅಂಟವಾಳದ ನೀರು ಹಿಡಿದು ಅಡಿಗೆಮನೆಗೆ ಹೋದಳು. ಅವಳು ಒರೆಸುವ ಸದ್ದನ್ನು ಆವತ್ತು ಮನೆಯವರೆಲ್ಲ ಕೂತು ಕೇಳಿದೆವು. ಅಂಥ ದೊಡ್ಡ ಸದ್ದೇನಲ್ಲ. ಒದ್ದೆ ಬಟ್ಟೆ ಕಟ್ಟಿಗೆಯ ಮೇಲೆ ಆಡುವ ಸದ್ದು.

ಮುಂದಿನ ವಾರ ಮೂಡಲಗಿಯಿಂದ ಒಬ್ಬ ಗಿರಾಕಿ ಬಂದ. ಹಳೆಯ ಪರಿಚಯ. ಮನಸ್ಸು ತಡೆಯದೆ ಅವನಿಗೆ ಇದನ್ನೆಲ್ಲ ಹೇಳಿದೆ. ಅವನು ನಗುತ್ತ ಕೇಳಿಸಿಕೊಳ್ಳಲು ಶುರುಮಾಡಿದವನು ನಡುವೆ ಕೈಯ ಪೊಟ್ಟಣ ಕೆಳಗಿಟ್ಟ. ಅವರ ತಾಯಿ ಒಂದು ತಿಂಗಳು ಮೂಡಲಗಿಯಲ್ಲಿ ಇವನ ಹತ್ತಿರ, ಒಂದು ತಿಂಗಳು ಹುಕ್ಕೇರಿಯಲ್ಲಿ ಅಣ್ಣನ ಹತ್ತಿರ ಇರುತ್ತಾಳೆ. ಇವರು ಬೆಳಿಗ್ಗೆ ಬಸ್ ಹತ್ತಿಸುತ್ತಾರೆ, ಅವರು ಸಂಜೆ ಇಳಿಸಿಕೊಳ್ಳುತ್ತಾರೆ.

"ಬಸ್ಸಿನ್ಯಾಗ ಬರೂ ದಿನಾ ಎಲ್ಲಿ ಉಣತಾಳ ಅಂತ ಕೇಳೇ ಇಲ್ಲ ನೋಡ್ರಿ," ಎಂದ. ಪೊಟ್ಟಣ ತೆಗೆದುಕೊಂಡು ಹೋದ. ಎಂದಿನ ಹಾಗೆ ಹೊರಳಿ ನಮಸ್ಕಾರ ಹೇಳಲಿಲ್ಲ.

ನೀವು ನಿಮ್ಮ ಓಣಿಯಲ್ಲಿ ಒಮ್ಮೆ ಅಡ್ಡಾಡಿ ನೋಡಿ. ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿ ಬೇಕಾದರೂ. ಎಷ್ಟು ಮನೆಗಳಲ್ಲಿ ಮುದುಕಿಯರು ಕೌದಿ ಬಗಲಲ್ಲಿಟ್ಟುಕೊಂಡು ಈ ಬಾಗಿಲಿನಿಂದ ಆ ಬಾಗಿಲಿಗೆ ಹೋಗುತ್ತಾರೆ? ಪಾಲು ಮಾಡುವ ಹಿರಿಯರು ಬುದ್ಧಿವಂತರು. ಬಾವಿಯ ನೀರಿಗೂ ಸರದಿ ಹಾಕುತ್ತಾರೆ, ಮಾವಿನ ಗಿಡದ ನೆರಳಿಗೂ ಹಾಕುತ್ತಾರೆ. ನಮ್ಮಲ್ಲಿ ಸೌಟು ತೂಗಿದರು. (ಸೌಟು ತೂಗಿಸಿದವರು ನಾವೇ, ಮಾಮಾನ ಮೇಲೆ ಹಾಕುವುದು ಸರಿಯಲ್ಲ.) ಪಾಲಿನ ದಿನ ಅವ್ವ ಎಲ್ಲರ ಎದುರೇ ಕೂತಿದ್ದಳು. "ಅಕ್ಕಾ, ನಿನಗ ಹೆಂಗ ಬೇಕು?" ಎಂದು ಕೇಳಿದವರು ಯಾರೂ ಇಲ್ಲ.

ಶೀಗಿ ಹುಣ್ಣಿವೆ ಬಂತು. ಅದು ನನ್ನ ದಿನ. ಈ ಸಲ ಹೆಂಗಸರನ್ನು ಕಳಿಸಲಿಲ್ಲ. ತಾಟು ನಾನೇ ಹಿಡಿದು ಹೋಗಿ ಅವ್ವನ ಎದುರು ಕೂತೆ. ಜೋಳದ ಕಡಬು, ಪುಂಡಿಪಲ್ಯ, ಬುತ್ತಿಯನ್ನ. ಅವಳಿಗೆ ಸೇರುವುದೆಲ್ಲ ಇತ್ತು. ನೀನು ಉಣ್ಣುವ ತನಕ ನಾನು ಏಳುವುದಿಲ್ಲ ಎಂದೆ. ನನ್ನ ಹಟ ಊರಿಗೆಲ್ಲ ಗೊತ್ತು. ಅದು ಎಲ್ಲಿಂದ ಬಂತು ಎಂದು ಆವತ್ತು ನನಗೆ ಗೊತ್ತಾಯಿತು.

ಅವ್ವ ತಾಟನ್ನು ನನ್ನ ಕಡೆಗೇ ಸರಿಸಿದಳು. ಆಮೇಲೆ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು.

"ಮೊದಲ ಸಲಾ ಕಾದ್ನೆಪ್ಪಾ. ಆಗ ಕರೀತಾರ, ಈಗ ಕರೀತಾರ ಅಂತ. ಯಾರೂ ಕರೀಲಿಲ್ಲ. ಹೊತ್ತ ಮುಣಗೂ ಮುಂದ ನನ್ನ ಲಿಂಗಪ್ಪಗ ಹೇಳಿದ್ನಿ, ಇದು ನಿನ್ನ ಸಲುವಾಗಿ ಉಪಾಸ ಅಂತ. ಅವತ್ತಿಂದ ಪ್ರತಿ ಸಲಾ ಹೇಳೇನಿ. ಈಗ ಉಂಡ್ರ ಅವಗ ಏನ ಹೇಳ್ಲಿ? ನಿನ್ನ ಸಲುವಾಗಿ ಅಲ್ಲ, ಮಕ್ಕಳು ಮರತಿದ್ರು ಅಂತ ಹೇಳ್ಲೇನ?"

ನಾನು ತಾಟು ಎತ್ತಿಕೊಂಡೆ.

ತಪ್ಪು ಸರಿಮಾಡಿದೆವು ಎಂದುಕೊಂಡಿದ್ದೆನಲ್ಲ, ಎಲ್ಲಿಯ ಸರಿ? ಅವಳು ನಮ್ಮ ಮರೆವನ್ನು ಹರಕೆ ಮಾಡಿ ದೇವರ ಮುಂದೆ ಮುಚ್ಚಿಟ್ಟುಬಿಟ್ಟಿದ್ದಾಳೆ. ಅದನ್ನು ತೆರೆದರೆ ನಮ್ಮ ಹೆಸರು ಹೊರಬೀಳುತ್ತದೆ. ಆದ್ದರಿಂದ ಅವಳು ತೆರೆಯುವುದಿಲ್ಲ. ಎಪ್ಪತ್ತು ದಾಟಿದ ಜೀವ. ಇರುವಷ್ಟು ದಿನ ಹುಣ್ಣಿವೆಗೆ ಒಮ್ಮೆ, ಅಮಾವಾಸ್ಯೆಗೆ ಒಮ್ಮೆ ಹಸಿದಿರುತ್ತಾಳೆ. ಎರಡು ಕಡೆಯಿಂದ ಎರಡು ತಾಟು ಬಂದರೂ.

ತಾಟು ಒಳಗಿಟ್ಟು ಬಂದೆ. ಅಷ್ಟರಲ್ಲಿ ಅವ್ವ ಅಡಿಗೆಮನೆಯಲ್ಲಿ ಆ ಸಂದಿಯ ಎದುರು ಕೂತಿದ್ದಳು. ಮೊಳಕೈ ತನಕ ನೊರೆ. ಆ ಬಟ್ಟೆಯಾದರೂ ನನ್ನ ಕೈಗೆ ಕೊಡು, ನಾನು ಒರೆಸುತ್ತೇನೆ ಎಂದೆ. ಜಿಡ್ಡು ತೆಗೆಯುವುದು ನನಗೆ ಬರುತ್ತದೆ, ಅಷ್ಟು ಮಾತ್ರ ಬರುತ್ತದೆ.

ಅವಳು ಕೊಡಲಿಲ್ಲ. ತಿರುಗಿಯೂ ನೋಡದೆ ಹೇಳಿದಳು:

"ನೀ ನಿನ್ನ ಬಾಗಲಾ ನೋಡಕೋ ಹೋಗು. ಮತ್ತ ಜಿಡ್ಡ ಕುಂತೈತಿ."

ಮುಟ್ಟಿ ನೋಡಿದೆ. ಹೌದು. ಅರ್ಧ ದಿನ ತೊಳೆದ ಬಾಗಿಲು ಹದಿನೈದು ದಿನಕ್ಕೆ ಮತ್ತೆ ಅಂಟತೊಡಗಿತ್ತು. ತಮ್ಮನ ಬಾಗಿಲೂ ಅಷ್ಟೇ. ದೀಪಾವಳಿಯ ಆರ್ಡರು ಬಂದಿವೆ, ಎರಡೂ ಕಡಾಯಿ ಹಗಲೆಲ್ಲ ಒಲೆಯ ಮೇಲೆ ಇರುತ್ತವೆ. ಅಪ್ಪನ ಆಕಾಶ ಈಗ ಕಾಣುವುದು ನಡುವಿನ ಆ ನಾಲ್ಕು ಬೆರಳಿನಲ್ಲಿ ಮಾತ್ರ.

ನಾಡಿದ್ದು ಅಮಾವಾಸ್ಯೆ. ನಿಮ್ಮ ಮನೆಯಲ್ಲಿ ಅಂದು ಅವ್ವನ ಪಾಳಿ ಯಾರದು?